ಓಡುವ ದಪ್ಪ ಅಕ್ಷರ

ನಾನು ನಿಂತಿದ್ದದ್ದು ಯಶವಂತಪುರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ನೂರುಲ್ಲಾ ಸಾಬರ ಪ್ರೆಸ್ಸಿನೊಳಗೆ, ಕಾಲಲ್ಲಿ ತುಳಿದು ಅಚ್ಚು ಹಾಕುವ ಟ್ರೆಡಲ್ ಯಂತ್ರದ ಎಡಗಡೆ. ಬೆನ್ನಿಗೆ ಗೋಡೆ, ಬಲ ಮೊಣಕೈಗೆ ತಾಗುವಂತೆ ಕಾಗದ ಕತ್ತರಿಸುವ ಯಂತ್ರದ ಹಿಡಿ. ಹೋದ ವರ್ಷ ಗಣೇಶನ ಹಬ್ಬ ಕಳೆದ ಮೇಲಿನ ಒಂದು ಸೋಮವಾರ, ಬೆಳಗ್ಗೆ ಹನ್ನೊಂದರ ಆಸುಪಾಸು. ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಆ ದಿನ ನಡೆದದ್ದನ್ನು ಯಾರಿಗೆ ಹೇಳಿದರೂ, "ನೀವು ಬರೆಯೋರು, ಒಂಚೂರು ಸೇರಿಸಿರ್ತೀರಿ ಬಿಡಿ" ಎನ್ನುತ್ತಾರೆ. ಸೇರಿಸಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಬೇಕೆಂದು ಹೊರಟರೂ ನಾಲಿಗೆ ಮುಂದೆ ಓಡುತ್ತದೆ. ಅದು ಖುಷಿಯ ಓಟ. ಅವತ್ತು ನನ್ನ ಕಣ್ಣೆದುರು ಒಂದು ಅಕ್ಷರದ ಕತ್ತು ಮುರಿಯಿತು.

ಆ ಜಾತಿಯ ಅಕ್ಷರವನ್ನು ನೀವೆಲ್ಲ ನೋಡಿದ್ದೀರಿ. ಮದುವೆ ಕಾರ್ಡಿನ ಇಂಗ್ಲಿಷ್ ಬದಿಯನ್ನು ತಿರುಗಿಸಿ. ತಂದೆತಾಯಿಗಳ ಹೆಸರು, ಮುಹೂರ್ತ, ಛತ್ರದ ವಿಳಾಸ, ಎಲ್ಲ ಸಣ್ಣ ಅಕ್ಷರದಲ್ಲಿ ನೆಟ್ಟಗೆ ನಿಂತಿರುತ್ತವೆ. ನಡುವೆ ಹುಡುಗಿ ಮತ್ತು ಹುಡುಗನ ಹೆಸರು ಮಾತ್ರ ದಪ್ಪಗೆ, ಬಲಕ್ಕೆ ಬಾಗಿ, ಗೆರೆಗಳ ತುದಿಗೆ ಪುಟ್ಟ ಪುಟ್ಟ ಪಾದಗಳನ್ನು ಚಾಚಿಕೊಂಡಿರುತ್ತದಲ್ಲ, ಅದೇ. ಆ ಪಾದಕ್ಕೆ ಸೆರಿಫ್ ಎಂದು ಹೆಸರು. ದಪ್ಪಕ್ಕೆ ಬೋಲ್ಡ್, ಬಾಗಿದ್ದಕ್ಕೆ ಇಟಾಲಿಕ್. ಕಂಪ್ಯೂಟರ್ ಬಂದ ಮೇಲೆ ಮಕ್ಕಳಿಗೂ ಗೊತ್ತಿರುವ ಮಾತು ಇದು. ನೂರುಲ್ಲಾ ಸಾಬರು ಮಾತ್ರ ಅದನ್ನು 'ಓಡೋ ದಪ್ಪ' ಎಂದೇ ಕರೆಯುತ್ತಿದ್ದರು.

ಅದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆದಿಲ್ಲ. ನೋಡಿ, ತೆಳ್ಳಗೆ ಬಾಗಿದ ಅಕ್ಷರ ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತದೆ. ನೆಟ್ಟಗೆ ನಿಂತ ದಪ್ಪ ಅಕ್ಷರ ಹೆಡ್‌ಮಾಸ್ತರರ ಹಾಗೆ ಬಾಗಿಲಲ್ಲೇ ನಿಂತು ಗದರುತ್ತದೆ. ಇದು ಎರಡೂ ಅಲ್ಲ. ಮೈತುಂಬ ಮಾಂಸವಿರುವ ಸೋದರಮಾವನೊಬ್ಬ ಪಂಚೆಯ ತುದಿ ಎತ್ತಿಹಿಡಿದು, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮಂಟಪಕ್ಕೆ ನುಗ್ಗಿ ಬರುತ್ತಾನಲ್ಲ, ಆ ಭಂಗಿ. ಭಾರವೂ ಉಂಟು, ಅವಸರವೂ ಉಂಟು. ಪಾದವಿಲ್ಲದೆ ಬರೀ ದಪ್ಪಗೆ ಬಾಗಿದ ಅಕ್ಷರಗಳನ್ನು ಈಗ ಫ್ಲೆಕ್ಸುಗಳಲ್ಲಿ ಕಾಣುತ್ತೇವೆ. ಅವು ಜಾರಿ ಬೀಳುತ್ತಿರುವವರ ಹಾಗೆ ಕಾಣುತ್ತವೆ. ಪಾದವಿರುವುದು ಬೀಳುವುದಿಲ್ಲ. ಒಂದು ಹೆಜ್ಜೆ ನೆಲದಲ್ಲಿ ಊರಿ, ಇನ್ನೊಂದನ್ನು ಎತ್ತಿರುತ್ತದೆ.

ಚಿಕ್ಕಜಾಲದ ನಮ್ಮ ಅಜ್ಜಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಮದುವೆ ಕಾರ್ಡುಗಳನ್ನೆಲ್ಲ ಅವಳು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಡುತ್ತಿದ್ದಳು. ಅರಿಶಿನ ಹಚ್ಚಿದ ಕಾಗದವನ್ನು ಕಸಕ್ಕೆ ಹಾಕಬಾರದಂತೆ. ಮಳೆಗಾಲದ ಮಧ್ಯಾಹ್ನ ಆ ಡಬ್ಬದ ಮುಚ್ಚಳ ತೆಗೆದರೆ ಅರಿಶಿನ, ಕರ್ಪೂರ, ಹಳೇ ಗೋಂದು ಎಲ್ಲ ಕಲಸಿದ ವಾಸನೆ ಬರುತ್ತಿತ್ತು. ನಾನು ಬ್ಲೇಡಿನಿಂದ ಕಾರ್ಡುಗಳ ದಪ್ಪ ಹೆಸರುಗಳನ್ನು ಕತ್ತರಿಸಿ ತೆಗೆದು, ಬೇಕಾದ ಅಕ್ಷರ ಆರಿಸಿ, ನನ್ನ ಪುಸ್ತಕಗಳ ಮೇಲೆ ನನ್ನ ಹೆಸರನ್ನು ಅಂಟಿಸಿಕೊಳ್ಳುತ್ತಿದ್ದೆ. ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ ಹುಡುಗನ ಲೆಕ್ಕದ ಪುಸ್ತಕ ಮದುಮಗನ ಹಾಗೆ ಕಂಗೊಳಿಸುತ್ತಿತ್ತು. ಒಂದು ದಿನ ಅಜ್ಜಿಯ ಕೈಗೆ ಸಿಕ್ಕಿಬಿದ್ದೆ. ಬೈಯುತ್ತಾಳೆಂದು ಕಾದರೆ ಅವಳು ಚೂರುಗಳನ್ನು ಅಂಗೈಯಲ್ಲಿಟ್ಟು ನೋಡುತ್ತ ಕೂತಳು.

"ಇವ್ಯಾಕೋ ಇಂಗೆ ಬಗ್ಗವೆ? ಗಾಳಿ ಹೊಡ್ದೈತಾ?"

"ಅವು ಹಂಗೇ ಅಜ್ಜಿ. ಓಡ್ತಾ ಇರೋದು."

"ಓಡೋದಲ್ಲ ಕಣೋ ಬಡ್ಡೇತದೆ. ಕಾಳು ಕಟ್ಟೈತೆ ತೆನೆ. ಕಾಳು ಕಟ್ಟಿದ್ಮೇಲೆ ರಾಗಿ ಬಗ್ಗಲ್ವಾ? ಜೊಳ್ಳಾಗಿದ್ರೆ ನಿಗುರ್ಕಂಡು ನಿಂತಿರೋದು."

ಅಜ್ಜಿ ಹೇಳಿದ್ದು ಸರಿಯೋ ಸಾಬರು ಹೇಳಿದ್ದು ಸರಿಯೋ ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ನಮ್ಮ ಕನ್ನಡದ ಅಕ್ಷರಗಳಿಗೆ ಈ ಓಟದ ಅಭ್ಯಾಸವಿರಲಿಲ್ಲ. ಅವು ಗುಂಡಗೆ ಕುಂಡೆಯೂರಿ ಕೂರುವ ಅಕ್ಷರಗಳು, ಊಟದ ಪಂಕ್ತಿಯಲ್ಲಿ ಕೂತವರ ಹಾಗೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಅವನ್ನೂ ಓರೆ ಮಾಡುತ್ತಾರೆ. ಸಾಲಾಗಿ ಇಟ್ಟ ಬಿಂದಿಗೆಗಳನ್ನು ಯಾರೋ ಒದ್ದ ಹಾಗೆ ಕಾಣುತ್ತದೆ. ಅದಕ್ಕೇ ಸಾಬರ ಪ್ರೆಸ್ಸಿನಲ್ಲಿ ಕನ್ನಡದ ಬದಿ ನೆಟ್ಟಗೇ ಇರುತ್ತಿತ್ತು, ಓಟವೆಲ್ಲ ಇಂಗ್ಲಿಷ್ ಬದಿಗೆ. ಅಲ್ಲೂ ಒಂದು ಪದ್ಧತಿ: ಓಡೋ ದಪ್ಪ ಮದುಮಕ್ಕಳಿಗೆ ಮಾತ್ರ. ಮತ್ತೆ ಯಾರಿಗೂ ಇಲ್ಲ.

ಈ ಪದ್ಧತಿಗೆ ಒಮ್ಮೆ ಭಂಗ ಬಂತು. ಬ್ಯಾಟರಾಯನಪುರದಲ್ಲಿ ಹೊಲವಿದ್ದಲ್ಲಿ ಅಪಾರ್ಟ್‌ಮೆಂಟು ಎಬ್ಬಿಸಿದ್ದ ಗೌಡರೊಬ್ಬರು ಗೃಹಪ್ರವೇಶದ ಕಾರ್ಡಿಗೆ ಬಂದರು. ತಮ್ಮ ಹೆಸರೂ ಆ ಅಕ್ಷರದಲ್ಲೇ ಇರಬೇಕೆಂದು ಹಟ. ಸಾಬರು ಬೇಡವೆಂದರೂ ಕೇಳಲಿಲ್ಲ. ಮಾರನೆಯ ದಿನ ಅವರ ತಮ್ಮಂದಿರು ಬಂದರು, ಅವರಿಗೂ ಬೇಕು. ಆಮೇಲೆ ಭಾವಮೈದುನರು. ಕೊನೆಗೆ ಸಾಬರು ಪ್ರೂಫ್ ತೆಗೆದು ಗೌಡರ ಮುಂದೆ ಹಿಡಿದರು. ಇಡೀ ಕಾರ್ಡು ಬಿರುಗಾಳಿಗೆ ಸಿಕ್ಕ ಜಾತ್ರೆಯ ಹಾಗಿತ್ತು. "ಗೌಡ್ರೇ, ಎಲ್ರೂ ಓಡ್ತಾವ್ರೆ. ಮನೇಲಿ ಯಾರಿರ್ತಾರೆ?" ಎಂದು ಸಾಬರು ಕೇಳಿದರು. ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕು, ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿ ಹೋದರು.

ಇಷ್ಟು ಪೀಠಿಕೆ ಸಾಕು. ಆ ಸೋಮವಾರಕ್ಕೆ ಬರುತ್ತೇನೆ.

ಪ್ರೆಸ್ಸಿನ ಸಾಲು ಅಂಗಡಿಗಳನ್ನೆಲ್ಲ ಒಡೆದು ಹೊಸ ಕಟ್ಟಡ ಏಳಲಿತ್ತು. ಅವತ್ತೇ ಮಧ್ಯಾಹ್ನ ಜಾಗ ಖಾಲಿ ಮಾಡಬೇಕು. ಟ್ರೆಡಲ್ ಯಂತ್ರವನ್ನು ಯಲಹಂಕದ ಹೊಸ ಕಾಫಿ ಹೋಟೆಲಿನವರು ಅಲಂಕಾರಕ್ಕೆಂದು ಕೊಂಡಿದ್ದರು. ಮೇಲೆ ಹೂಕುಂಡ ಇಡುತ್ತಾರಂತೆ. ಅದು ಹೋಗುವ ಮೊದಲು ಸಾಬರು ಮುದ್ರಿಸಬೇಕಾಗಿದ್ದ ಕೊನೆಯ ಕೆಲಸ ಅವರ ಮಗಳು ಶಬಾನಾಳ ಮದುವೆ ಕಾರ್ಡು. ಹುಡುಗನ ಹೆಸರು ಅಲ್ತಾಫ್, ಆರ್.ಟಿ. ನಗರದವನು. ನಾನು ಅಲ್ಲಿದ್ದದ್ದು ಇಂಗ್ಲಿಷ್ ತಿದ್ದುವುದಕ್ಕೆ. ತಿದ್ದುವಂಥದ್ದು ಏನೂ ಇರಲಿಲ್ಲ. ನಮ್ಮ ಮನೆಯ ಮೂರು ತಲೆಮಾರಿನ ಕಾರ್ಡುಗಳು ಅಲ್ಲಿ ಅಚ್ಚಾಗಿದ್ದರಿಂದ ಪ್ರೀತಿಗೆ ಕರೆದಿದ್ದರು.

ಶಬಾನಾ ಹೆಬ್ಬಾಳದ ಕಂಪನಿಯೊಂದರಲ್ಲಿ ಡಿಸೈನ್ ಕೆಲಸ ಮಾಡುತ್ತಾಳೆ. ಮನಸ್ಸು ಮಾಡಿದ್ದರೆ ಲ್ಯಾಪ್‌ಟಾಪಿನಲ್ಲಿ ಚಹಾ ಆರುವುದರೊಳಗೆ ಕಾರ್ಡು ಮುಗಿಸುತ್ತಿದ್ದಳು. ಆದರೆ ಅವಳು ಹುಟ್ಟಿದ ವಾರವೇ ಸಾಬರು ಹೊಸ ಅಚ್ಚುಮೊಳೆಗಳನ್ನು ತರಿಸಿದಾಗ, ಅವಳ ಹೆಸರಿಗೆ ಬೇಕಾದ ಓಡೋ ದಪ್ಪ ಅಕ್ಷರಗಳನ್ನು ಮೊದಲೇ ಆರಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ, ಮನೆಯ ಬೀರುವಿನಲ್ಲಿ ಇಟ್ಟಿದ್ದರು. ಉಳಿದವೆಲ್ಲ ಊರಿನವರ ಮಕ್ಕಳ ಮದುವೆಗೆ ದುಡಿದು ಸವೆದವು. ಶಬಾನಾಳ ಅಕ್ಷರಗಳಿಗೆ ಶಾಯಿಯೇ ತಾಗಿರಲಿಲ್ಲ. ಅವರ ಅಬ್ಬಾಜಾನ್ ಕೂಡ ಸಾಬರ ಅಕ್ಕಂದಿರಿಗೆ ಹೀಗೇ ತೆಗೆದಿಟ್ಟಿದ್ದರಂತೆ. ಕೆಲವರು ಹೆಣ್ಣುಮಗು ಹುಟ್ಟಿದಾಗ ಗಿಡ ನೆಡುತ್ತಾರೆ; ಇವರು ಅಕ್ಷರ ಎತ್ತಿಡುತ್ತಾರೆ. ಆ ಅಕ್ಷರದಲ್ಲಿ ಮಗಳ ಹೆಸರು ಅಚ್ಚಾಗಬೇಕು, ಅದೂ ಈ ಯಂತ್ರದಲ್ಲಿ, ಅದೂ ಇವತ್ತು. ಸಾಬರಿಗೆ ಬೇರೇನೂ ಬೇಕಿರಲಿಲ್ಲ.

ಅಕ್ಷರ ಜೋಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಯಂತ್ರಕ್ಕೆ ಏರಿಸಿದರು. ದೊಡ್ಡ ಗಾಲಿ ತಿರುಗಿತು, ರೋಲರು ಶಾಯಿ ಉಣಿಸಿತು, ಎರಡು ಅಂಗೈ ಜೋಡಿಸಿದ ಹಾಗೆ ಯಂತ್ರ ಮುಚ್ಚಿ ತೆರೆಯಿತು. ಮೊದಲ ಕಾರ್ಡನ್ನು ತೆಗೆದುಕೊಂಡದ್ದು ಹುಡುಗನ ಚಿಕ್ಕಮ್ಮ. ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದರು. ಗಂಡಿನ ಕಡೆಯಿಂದ ಪ್ರೂಫ್ ನೋಡಲು ಬಂದಿದ್ದರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಏನ್ ಭಾಯ್ ಇದು? ನಿಮ್ಮ ಮಗಳು ಬಿರಿಯಾನಿ ತಿಂದು ಎದ್ದಂಗಿದಾಳೆ. ನಮ್ಮ ಹುಡುಗ ಟೈಫಾಯ್ಡ್ ಬಂದು ಎದ್ದಂಗಿದಾನೆ."

ನಾನು ಬಗ್ಗಿ ನೋಡಿದೆ. ನಿಜ. ಶಬಾನಾ ಎಂಬ ಹೆಸರು ಕಾಡಿಗೆಯ ಹಾಗೆ ಕಪ್ಪಗೆ, ಪಾದದ ತುದಿಗಳೆಲ್ಲ ಚೂಪಾಗಿ, ಕಾರ್ಡಿನಿಂದ ಎದ್ದು ಬರುವಂತಿತ್ತು. ಕೆಳಗೆ ಅಲ್ತಾಫ್ ಮಸುಕು ಮಸುಕಾಗಿ, ಸವೆದ ಚಪ್ಪಲಿಯಲ್ಲಿ ನಡೆದು ಬಂದವನ ಹಾಗಿದ್ದ. ಸಾಬರು ಹಣೆಗೆ ಕೈ ಹಚ್ಚಿಕೊಂಡರು. ಮಗಳ ಹೆಸರನ್ನು ಇಷ್ಟು ವರ್ಷ ಜೋಪಾನ ಮಾಡಿದವರಿಗೆ, ಜೊತೆಗೆ ಅಳಿಯನ ಹೆಸರೂ ಇರುತ್ತದೆ ಎಂಬುದು ಹೊಳೆದೇ ಇರಲಿಲ್ಲ! ಹೊಳೆದಿದ್ದರೂ ಯಾವ ಅಕ್ಷರ ಎತ್ತಿಡುತ್ತಿದ್ದರು?

"ನನ್ನ ಹೆಸರಿಗೂ ಹಳೇ ಅಕ್ಷರಾನೇ ಹಾಕಿ ಅಬ್ಬಾ. ಇಬ್ರೂ ಒಂದೇ ಥರ ಕಾಣ್ತೀವಿ" ಎಂದಳು ಶಬಾನಾ.

"ನಕ್ಕೋ ಬೇಟಾ" ಎಂದರು ಸಾಬರು. ಅಷ್ಟೇ. ಆ 'ಬೇಡ'ದ ಮುಂದೆ ಯಾರೂ ಮಾತಾಡುವ ಹಾಗಿರಲಿಲ್ಲ.

ಅವರಿಗೆ ಬೇರೆ ದಾರಿ ಗೊತ್ತಿತ್ತು. ಕಾರ್ಡಿನ ಹಿಂದೆ ಬರುವ ಹಾಸು ಕಾಗದದ ಮೇಲೆ, ಸರಿಯಾಗಿ ಅಲ್ತಾಫನ ಹೆಸರು ಒತ್ತುವ ಜಾಗಕ್ಕೆ, ತೆಳು ಕಾಗದದ ತುಂಡು ಅಂಟಿಸಿದರು. ಅಲ್ಲಿ ಒತ್ತಡ ಹೆಚ್ಚಿದರೆ ಅಚ್ಚು ಗಾಢವಾಗುತ್ತದೆ. ಮತ್ತೊಂದು ಪ್ರತಿ ತೆಗೆದರು. ಹುಡುಗ ಸ್ವಲ್ಪ ಚೇತರಿಸಿಕೊಂಡ.

"ಇನ್ನೂ ಸ್ವಲ್ಪ" ಎಂದರು ಖಾಲಾ.

ಇನ್ನೊಂದು ತುಂಡು ಅಂಟಿತು. ಹುಡುಗನಿಗೆ ಬಣ್ಣ ಬಂತು.

"ಇನ್ನೊಂದೇ ಒಂಚೂರು, ಭಾಯ್."

ಗಾಲಿ ತಿರುಗಿತು. ಯಂತ್ರ ಮುಚ್ಚಿಕೊಂಡಾಗ 'ಟಕ್' ಎಂಬ ಸದ್ದು ಬಂತು. ಕಡಲೆಬೀಜದ ಸಿಪ್ಪೆ ಒಡೆದಷ್ಟೇ ಸಣ್ಣ ಸದ್ದು. ನನಗೆ ಕೇಳಿಸಿತು, ಸಾಬರಿಗೆ ಕೇಳಿಸಿತು. ಅವರು ಗಾಲಿಯನ್ನು ಅಂಗೈಯಿಂದಲೇ ಹಿಡಿದು ನಿಲ್ಲಿಸಿದರು.

ಬಾಗಿದ ಅಕ್ಷರಗಳಲ್ಲಿ ಎಫ್‌ನದು ಬೇರೆಯದೇ ಸ್ವಭಾವ. ಮೇಲೆ ಕೊಕ್ಕೆಯಾಗಿ ಮುಂದಕ್ಕೆ, ಕೆಳಗೆ ಬಾಲವಾಗಿ ಹಿಂದಕ್ಕೆ ಚಾಚಿರುತ್ತದೆ. ಆ ಕೊಕ್ಕೆ ತನ್ನ ಮೊಳೆಯ ಮೈಯಿಂದ ಹೊರಗೆ, ಬರೀ ಗಾಳಿಯಲ್ಲಿ ನಿಂತಿರುತ್ತದೆ. ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿದವರ ಹಾಗೆ. ಅಡಿಯಲ್ಲಿ ಆಸರೆಯಿಲ್ಲ. ಒತ್ತಡ ಹೆಚ್ಚಾದರೆ ಮೊದಲು ಮುರಿಯುವುದು ಅದೇ.

ಕಾರ್ಡಿನ ಮೇಲೆ ಅಲ್ತಾಫನ ಕೊನೆಯ ಅಕ್ಷರದ ತಲೆ ಇರಲಿಲ್ಲ. ಮೋಟು ಕಂಬವೊಂದು ನಿಂತಿತ್ತು.

ಖಾಲಾ ಕಾರ್ಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಕತ್ತು ಮುರೀತಾ?" ಎಂದರು. ಧ್ವನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಮದುವೆಗೆ ಮುಂಚೆ ಹುಡುಗನ ಹೆಸರಿನ ಕತ್ತು ಮುರಿಯೋದು ಒಳ್ಳೇದಲ್ಲ ಭಾಯ್. ಬಿಟ್ಬಿಡಿ. ಕಂಪ್ಯೂಟರಲ್ಲೇ ಮಾಡ್ಸೋಣ."

ಸಾಬರು ಅಕ್ಷರದ ಪೆಟ್ಟಿಗೆಯ ಎಫ್ ಗೂಡಿಗೆ ಬೆರಳು ಹಾಕಿದರು. ಬೆರಳು ತಳಕ್ಕೆ ತಾಗಿತು. ಇದ್ದದ್ದು ಅದೊಂದೇ, ಉಳಿದವೆಲ್ಲ ಯಾವ್ಯಾವುದೋ ಮದುವೆಗಳಲ್ಲಿ ಹೀಗೇ ಕತ್ತು ಕೊಟ್ಟಿದ್ದವು. ಅವರು ಸ್ಟೂಲಿನ ಮೇಲೆ ಕೂತರು. ಮಗಳ ಕಡೆ ನೋಡಲಿಲ್ಲ. ನಾನು ಏನಾದರೂ ಹೇಳಬೇಕಿತ್ತು. "ನೆಟ್ಟಗಿರೋ ಎಫ್ ಹಾಕಿದ್ರೆ..." ಎಂದೆ. ಓಡುವವರ ಸಾಲಿನ ಕೊನೆಗೆ ಒಬ್ಬ ಪೊಲೀಸಿನವನನ್ನು ನಿಲ್ಲಿಸಿದ ಹಾಗಾಗುತ್ತದೆ ಎಂಬುದು ಹೇಳಿದ ಮೇಲೆ ಗೊತ್ತಾಯಿತು.

ಅದೇ ಹೊತ್ತಿಗೆ ಟೆಂಪೋ ಬಂತು. ಯಂತ್ರ ಒಯ್ಯಲು ಬಂದವನು ರಾಜಾನುಕುಂಟೆಯ ಮಂಜುನಾಥ. ಬಾಗಿಲಲ್ಲೇ ನಿಂತು ಕೂಗಿದ.

"ಸಾಬ್ರೇ, ಇನ್ನೂ ಮುಗ್ದಿಲ್ವಾ? ಎಬ್ಬಾಳದಲ್ಲಿ ಜಾಮ್ ಆಯ್ತು ಅಂದ್ರೆ ನನ್ ಗತಿ ಅಷ್ಟೇಯ. ಹೋಟ್ಲೋರು ಆಗ್ಲೇ ಫೋನ್ ಮೇಲೆ ಫೋನು. ಏನ್ ಎಲ್ರೂ ಇಂಗೆ ಕುಂತಿದೀರಾ, ಸಾವಾಗಿರೋ ಮನೇಲಿ ಕುಂತಂಗೆ?"

"ಬಾಯ್ ಮುಚ್ಚೋ" ಎಂದರು ಖಾಲಾ.

ಶಬಾನಾ ಇದ್ಯಾವುದನ್ನೂ ಕೇಳಿಸಿಕೊಂಡ ಹಾಗಿರಲಿಲ್ಲ. ಪೆಟ್ಟಿಗೆಯ ಗೂಡುಗಳಿಂದ ಒಂದೊಂದೇ ಅಕ್ಷರ ತೆಗೆದು ಅಂಗೈಯ ಮೇಲಿಟ್ಟು, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡುತ್ತಿದ್ದಳು. ಕಂಪ್ಯೂಟರಿನ ಮುಂದೆ ಕೂತವರಿಗೆ ಇದೊಂದು ಚಟ. ಯಾವುದನ್ನು ಕೊಟ್ಟರೂ ಮೊದಲು ಬುಡಮೇಲು ಮಾಡಿ ನೋಡುತ್ತಾರೆ. ಅವಳು ತಟ್ಟನೆ ನಿಂತಳು.

"ಅಬ್ಬಾ, ಇದು ನೋಡಿ."

ಅವಳ ಅಂಗೈಯಲ್ಲಿದ್ದದ್ದು ಸಣ್ಣ ಜೆ. ತಲೆಕೆಳಗಾಗಿ.

ನೀವೂ ಒಂದು ಕಾಗದದ ಮೇಲೆ ಬಾಗಿದ ಜೆ ಬರೆದು, ಕಾಗದವನ್ನು ಪೂರ್ತಿ ತಿರುಗಿಸಿ ನೋಡಿ. ಕೆಳಗಿದ್ದ ಕೊಕ್ಕೆ ಮೇಲೆ ಬರುತ್ತದೆ, ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆ. ನನಗೆ ಮೈ ಜುಮ್ಮೆಂದದ್ದು ಯಾವುದಕ್ಕೆಂದರೆ, ಅದರ ಬಾಗು ಮಾತ್ರ ಬದಲಾಗುವುದಿಲ್ಲ. ಬಲಕ್ಕೆ ಬಾಗಿದ ಅಕ್ಷರವನ್ನು ಬುಡಮೇಲು ಮಾಡಿದರೂ ಅದು ಬಲಕ್ಕೇ ಬಾಗಿರುತ್ತದೆ. ಓಡುವವನನ್ನು ತಲೆಕೆಳಗು ಮಾಡಿದರೂ ಅದೇ ದಿಕ್ಕಿಗೆ ಓಡುತ್ತಾನೆ! ಇಷ್ಟು ವರ್ಷ ಆ ಅಕ್ಷರವನ್ನು ಪ್ರೀತಿಸಿಯೂ ನಾನು ಇದನ್ನು ಗಮನಿಸಿರಲಿಲ್ಲ.

ಸಾಬರು ಎದ್ದು ಬಂದರು. ಮಗಳ ಕೈಯಿಂದ ಮೊಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಮುಖ ಮೆಲ್ಲಮೆಲ್ಲಗೆ ಅರಳಿತು.

"ಈ ಜೆ ಜಾಸ್ತಿ ಸವೆದಿಲ್ಲ. ನಮ್ಮ ಮಂಜುನಾಥನ ಮದುವೆ ಕಾರ್ಡಲ್ಲಿ ಹಾಕಿದ್ದೆ, ಆಮೇಲೆ ಬಳಸಿದ ನೆನಪಿಲ್ಲ."

"ನಂದಾ?" ಮಂಜುನಾಥ ಒಳಗೆ ಬಂದು ಇಣುಕಿದ. "ತಗಳಿ ಸಾಬ್ರೇ, ಧಾರಾಳವಾಗಿ ತಗಳಿ. ನನ್ ಮದುವೆ ಆಗೋಗೈತೆ, ಇನ್ನೇನ್ ಆಗ್ಬೇಕು ಅದ್ರಿಂದ?"

ಜೆಯ ಚುಕ್ಕಿಯನ್ನು ಸಾಬರು ಅರದಿಂದ ಉಜ್ಜಿ ತೆಗೆದರು. ಚೌಕಟ್ಟು ಸಡಿಲಿಸಿ, ಮೋಟಾದ ಎಫ್ ಕಿತ್ತು, ಆ ಜಾಗಕ್ಕೆ ಜೆಯನ್ನು ತಲೆಕೆಳಗಾಗಿ ಇಟ್ಟು ಬಿಗಿದರು. ಕೊನೆಗೆ ಅಂಟಿಸಿದ್ದ ಕಾಗದದ ತುಂಡನ್ನು ಕಿತ್ತು ಬಿಸಾಡಿದರು. ಈ ಸಲ ಖಾಲಾ ಇನ್ನೊಂಚೂರು ಎನ್ನಲಿಲ್ಲ. ಮಂಜುನಾಥ ಹೆಬ್ಬಾಳವನ್ನು ಮರೆತು, ಟೆಂಪೋ ಕೀಲಿ ಕೈಬೆರಳಲ್ಲಿ ತಿರುಗಿಸುವುದನ್ನೂ ನಿಲ್ಲಿಸಿ, ನನ್ನ ಪಕ್ಕದಲ್ಲಿ ಬಂದು ನಿಂತ. ನಾನು ಕತ್ತರಿಸುವ ಯಂತ್ರದ ಹಿಡಿಯನ್ನು ಹಿಡಿದುಕೊಂಡಿದ್ದೆ. ಗಾಲಿ ತಿರುಗಿತು. ಮುಚ್ಚಿತು. ತೆರೆಯಿತು. ಸದ್ದಿಲ್ಲ.

ಸಾಬರು ಕಾರ್ಡು ತೆಗೆದು ಮಗಳಿಗೆ ಕೊಟ್ಟರು. ನಾವೆಲ್ಲ ಅವಳ ಭುಜದ ಮೇಲಿಂದ ನೋಡಿದೆವು. ಮೇಲೆ ಶಬಾನಾ. ಕೆಳಗೆ ಅಲ್ತಾಫ್, ಗಾಢವಾಗಿ, ಎದೆ ಮುಂದೆ ಮಾಡಿಕೊಂಡು. ಕೊನೆಯ ಅಕ್ಷರ ಉಳಿದವಕ್ಕಿಂತ ಒಂದು ನೂಲು ಕೆಳಗೆ ಇಳಿದಿತ್ತು. ಬಾಗಿದ ಎಫ್ ಹೇಗೂ ಕೆಳಗೆ ಕಾಲು ಇಳಿಬಿಡುತ್ತದೆಯಾದ್ದರಿಂದ ಅದು ತಪ್ಪಾಗಿ ಕಾಣಲಿಲ್ಲ. ಒಂದು ಮಾತ್ರ ಕಡಿಮೆಯಿತ್ತು.

"ನಡುಗೆರೆ ಎಲ್ಲಿ?" ಎಂದರು ಖಾಲಾ. "ಊರುಗೋಲು ಇದ್ದಂಗಿದೆ."

ನಿಜವೇ. ಎಫ್‌ಗೆ ನಡುವೆ ಒಂದು ಅಡ್ಡಗೆರೆ ಬೇಕು, ಜೆಗೆ ಅದಿಲ್ಲ. ಸೀಸದ ಮೊಳೆಗೆ ಗೆರೆ ಅಂಟಿಸಲಾಗುವುದಿಲ್ಲ. ಸಾಬರು ಮತ್ತೆ ಸ್ಟೂಲಿನ ಕಡೆ ನೋಡಿದರು. ಶಬಾನಾ ತನ್ನ ಬ್ಯಾಗಿನಿಂದ ಕಪ್ಪು ಪೆನ್ನು ತೆಗೆದಳು. ಕಾರ್ಡನ್ನು ಮೇಜಿನ ಮೇಲಿಟ್ಟು, ಉಸಿರು ಹಿಡಿದು, ಆ ಅಕ್ಷರದ ಸೊಂಟಕ್ಕೆ ಅಡ್ಡವಾಗಿ ಒಂದು ಪುಟ್ಟ ಗೆರೆ ಎಳೆದಳು.

ಆಯಿತು. ಅದು ಎಫ್ ಆಯಿತು. ಮಂಜುನಾಥ ಶಿಳ್ಳೆ ಹೊಡೆದ. ನಾನು ಏನು ಮಾಡಿದೆನೋ ನೆನಪಿಲ್ಲ. ಸಾಬರು ಮುಖ ಆ ಕಡೆ ಮಾಡಿ ರೋಲರಿಗೆ ಶಾಯಿ ಹಚ್ಚತೊಡಗಿದರು, ಶಾಯಿ ಸಾಕಷ್ಟಿದ್ದರೂ.

ಖಾಲಾ ಕಾರ್ಡನ್ನು ಎತ್ತಿಕೊಂಡು ಶಾಯಿ ಆರಲೆಂದು ಊದಿದರು. ಬಹಳ ಹೊತ್ತು ನೋಡಿ, "ಮುರಿದಿದ್ದನ್ನ ಹುಡುಗೀನೇ ಸರಿ ಮಾಡಿದ್ಲು. ಇನ್ನು ಅಪಶಕುನ ಎಲ್ಲಿಂದ ಬಂತು?" ಎಂದರು. ಕಾರ್ಡನ್ನು ಮಡಚದೆ ಕೈಚೀಲದಲ್ಲಿ ಇಟ್ಟುಕೊಂಡರು.

ಆಮೇಲೆ ಯಂತ್ರ ಓಡಿತು. ಸಾಬರು ಕಾರ್ಡು ಕೊಡುವುದು, ಮಂಜುನಾಥ ತೆಗೆಯುವುದು, ನಾನು ಕಿಟಕಿ, ಮೇಜು, ಕಪಾಟು, ಟೆಂಪೋದ ಸೀಟು, ಎಲ್ಲಿ ಜಾಗವಿದೆಯೋ ಅಲ್ಲಿ ಹರಡುವುದು. ಆರಿದ ಕಾರ್ಡುಗಳನ್ನು ಶಬಾನಾ ಎಳೆದುಕೊಂಡು ಗೆರೆ ಎಳೆಯುತ್ತಿದ್ದಳು. ರಾಶಿ ಬೆಳೆಯುತ್ತಿತ್ತು, ಅವಳ ಬೆರಳು ಸೋಲುತ್ತಿತ್ತು. ನಾನು ಜೇಬಿನಿಂದ ಪೆನ್ನು ತೆಗೆದು ಒಂದು ಕಾರ್ಡಿಗೆ ಕೈ ಹಾಕಿದೆ.

"ಬೇಡ ಅಂಕಲ್" ಎಂದಳು, ತಲೆಯೆತ್ತದೆ. "ಅದು ನಾನೇ ಹಾಕ್ಬೇಕು."

ಆ ಮದುವೆಗೆ ಹೋದವರ ಮನೆಯಲ್ಲಿ ಕಾರ್ಡು ಇನ್ನೂ ಇದ್ದರೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡಲಿ. ಅಲ್ತಾಫನ ಹೆಸರಿನಲ್ಲಿ ಎಲ್ಲ ಗೆರೆಗಳೂ ಕಾಗದದೊಳಕ್ಕೆ ತಗ್ಗಾಗಿ ಒತ್ತಿವೆ, ಒಂದು ಮಾತ್ರ ಮೇಲೆ ಎಳೆದದ್ದು. ಒಂದರಲ್ಲಿ ಗೆರೆ ಉದ್ದ, ಒಂದರಲ್ಲಿ ಗಿಡ್ಡ. ಎರಡು ಕಾರ್ಡು ಒಂದೇ ಥರ ಇಲ್ಲ.

ನನ್ನ ಜೊತೆ ಇದನ್ನು ಕಂಡವರಲ್ಲಿ ಖಾಲಾ ಈಗಿಲ್ಲ, ಈ ಬೇಸಿಗೆಯಲ್ಲಿ ತೀರಿಕೊಂಡರು. ನೂರುಲ್ಲಾ ಸಾಬರು ಇದ್ದಾರೆ. ರಾಜಾನುಕುಂಟೆಯ ಮಂಜುನಾಥ ಇದ್ದಾನೆ, ಈಗಲೂ ಅದೇ ಟೆಂಪೋ ಓಡಿಸುತ್ತಾನೆ. ಶಬಾನಾ ಇದ್ದಾಳೆ, ಆರ್.ಟಿ. ನಗರದಲ್ಲಿ, ಅಲ್ತಾಫನ ಜೊತೆ.